ಮಳೆ ಲೆಕ್ಕದ ಪುಸ್ತಕ, ಕರಡು ಅಧಿಸೂಚನೆ: ಊರವರೇ ವೆಬ್ಬಿಗೆ ಹಾಕಿ ಪಕ್ಕದಲ್ಲೇ ಟಿಪ್ಪಣಿ ಬರೆಯುವುದು ಹೇಗೆ?

ಪೊನ್ನಂಪೇಟೆ ವಾಚನಾಲಯ

ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದಲ್ಲಿ ಎರಡು ಬಗೆಯ ಕಾಗದ ಸೇರಿಕೊಂಡಿದೆ. ಎರಡನ್ನೂ ವೆಬ್ಬಿಗೆ ಹಾಕಬೇಕು ಅಂತ ಬಹಳ ಆಸೆ, ದಾರಿ ಗೊತ್ತಿದ್ದವರು ಹೇಳಿ.

ಮೊದಲನೆಯದು ತೋಟಗಳ ಮಳೆ ಲೆಕ್ಕದ ಪುಸ್ತಕಗಳು. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವುದು ಕೊಡಗಿನ ಮನೆಮನೆಯ ಪದ್ಧತಿ, ಇದನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಹೂಮಳೆ", "ಹೊಳೆ ಗದ್ದೆಗೆ ನುಗ್ಗಿತು", "ಗಾಳಿಗೆ ಸಿಲ್ವರ್ ಮರ ಬಿತ್ತು" ಅಂತೆಲ್ಲ ಇರುತ್ತದೆ. ಕೆಲವು ಮಾತು ಬರೆದವರ ಮಕ್ಕಳಿಗೆ ಮಾತ್ರ ಅರ್ಥವಾಗುತ್ತದೆ, ಅವರಿಗೂ ಈಗ ಎಪ್ಪತ್ತು ದಾಟಿದೆ.

ಎರಡನೆಯದು ಸರ್ಕಾರಿ ಕಾಗದ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ (ಕೆಲವು ಚಟುವಟಿಕೆಗೆ ನಿರ್ಬಂಧ ಬರುವ ಪ್ರದೇಶ) ಕರಡು ಅಧಿಸೂಚನೆ ಮೊದಲ ಸಲ ಬಂದದ್ದು 2014ರ ಮಾರ್ಚ್‌ನಲ್ಲಿ, ಆರನೆಯ ಸಲ 2024ರ ಜುಲೈ 31ರಂದು. ಆಕ್ಷೇಪಣೆಗೆ 60 ದಿನ. ಕರಡು ಇರುವುದು ಹಿಂದಿ, ಇಂಗ್ಲಿಷಿನಲ್ಲಿ. ಆ 60 ದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಪಿಡಿಎಫ್, ಕೆಂಪು ಗೆರೆ ಎಳೆದ ಫೋಟೊ, ವಾಯ್ಸ್ ನೋಟ್ ಎಲ್ಲವೂ ಸುರಿದವು. ಯಾರೋ ಒಬ್ಬರು ಒಂದು ಷರತ್ತನ್ನು ತುಂಬ ಚೆನ್ನಾಗಿ ಬಿಡಿಸಿ ಹೇಳಿದ್ದರು. ಎರಡೇ ದಿನಕ್ಕೆ ಆ ಮಾತು ಎಲ್ಲೋ ಮೇಲೆ ಹೋಗಿ ಸೇರಿತು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಗಾಬರಿ.

ನನಗೆ ಬೇಕಾದ್ದು ಇಷ್ಟು. ಫೋನು ಮಾತ್ರ ಬಳಸುವವರೂ ಒಂದು ಪುಟ ಪ್ರಕಟಿಸುವಂತಿರಬೇಕು, ಅದರ ಯಾವುದೇ ಸಾಲಿಗೆ ಅಂಟಿಕೊಂಡಂತೆ ತಿಳಿದವರು ಟಿಪ್ಪಣಿ ಬರೆಯುವಂತಿರಬೇಕು, ಹತ್ತು ವರ್ಷದ ಮೇಲೂ ಅದೇ ವಿಳಾಸದಲ್ಲಿ ಎರಡೂ ಸಿಗಬೇಕು.

ಸೋಮವಾರಪೇಟೆಯವ, ಈಗ ಬೆಂಗಳೂರು

ಸರ್, ನೀವು ಕೇಳುತ್ತಿರುವುದು ವೆಬ್ ಹುಟ್ಟಿದಾಗಲೇ ಅದರ ಉದ್ದೇಶದಲ್ಲಿತ್ತು. 1990ರ ಕೊನೆಯಲ್ಲಿ ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊದಲ ಬ್ರೌಸರಿನಲ್ಲಿ ಪುಟ ಓದುವುದೂ ತಿದ್ದುವುದೂ ಒಂದೇ ಕಿಟಕಿಯಲ್ಲಿ ಆಗುತ್ತಿತ್ತು. ಆದರೆ ಅದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. 1993ರಲ್ಲಿ ಜನರ ಕೈಗೆ ಬಂದ ಮೊಸಾಯಿಕ್ ಬ್ರೌಸರ್ ಓದುವುದಕ್ಕೆ ಮಾತ್ರ. ಅದರಲ್ಲೂ ಪುಟಕ್ಕೆ ಟಿಪ್ಪಣಿ ಸೇರಿಸುವ ಸೌಲಭ್ಯ ಶುರುವಿನಲ್ಲಿತ್ತು, ಗುಂಪಿನ ಟಿಪ್ಪಣಿಯನ್ನು ಪ್ರಯೋಗಕ್ಕೆ ಹಚ್ಚಿ ಕೈಬಿಟ್ಟರು. ಆಮೇಲೆ ಬರೆಯುವವರು ಬೇರೆ, ಓದುವವರು ಬೇರೆ ಆಗಿಹೋಯಿತು. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಓದುಗರೇ ತಿದ್ದಬಹುದಾದ ವಿಕಿ ಮಾಡಿದಾಗ, 1999ರಲ್ಲಿ ಬ್ಲಾಗ್ ಬರೆಯುವ ತಾಣ ಬ್ಲಾಗರ್ ಬಂದಾಗ ಬರೆಯುವ ಅರ್ಧ ಮಾತ್ರ ಜನರಿಗೆ ವಾಪಸ್ ಸಿಕ್ಕಿತು. ಟಿಪ್ಪಣಿಯ ಅರ್ಧ ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ. ನನಗೆ ಇದು ನಿಜವಾಗಿ ಬೇಸರದ ವಿಷಯ.

ಈಗ ಇರುವ ಟಿಪ್ಪಣಿ ಸಾಧನಗಳಲ್ಲಿ ಒಳ್ಳೆಯದು ಹೈಪೋಥಿಸಿಸ್. 2011ರಲ್ಲಿ ಶುರುವಾದದ್ದು, ಮುಕ್ತ ತಂತ್ರಾಂಶ. ಯಾವುದೇ ಪುಟದಲ್ಲಿ ಸಾಲು ಆಯ್ದು ಟಿಪ್ಪಣಿ ಬರೆಯಬಹುದು, ಬೇರೆಯವರು ಅದಕ್ಕೆ ಉತ್ತರ ಕೊಡಬಹುದು, ನಮ್ಮದೇ ಗುಂಪು ಮಾಡಿಕೊಳ್ಳಬಹುದು. ಪಿಡಿಎಫ್ ಮೇಲೂ ಕೆಲಸ ಮಾಡುತ್ತದೆ, ಒಂದೇ ಪಿಡಿಎಫನ್ನು ನೀವೊಂದು ಕಡೆ ನಾನೊಂದು ಕಡೆ ತೆರೆದರೂ ಕಡತದ ಒಳಗಿನ ಗುರುತು ನೋಡಿ ಅದೇ ಟಿಪ್ಪಣಿ ತೋರಿಸುತ್ತದೆ. ಗಮನಿಸಬೇಕಾದ್ದು, ಗುಂಪು ಆಯ್ದುಕೊಳ್ಳದೆ ಬರೆದರೆ ಅದು ಸಾರ್ವಜನಿಕವಾಗಿಬಿಡುತ್ತದೆ.

ಸುಂಟಿಕೊಪ್ಪ ತೋಟ

ನಮ್ಮ ಮನೆಯಲ್ಲೂ ತಂದೆಯವರ ಮಳೆ ಪುಸ್ತಕ ಇದೆ. ಅಂಕಿಯನ್ನಷ್ಟೇ ಕಂಪ್ಯೂಟರಿಗೆ ಹಾಕಿ ಅಂಚಿನ ಬರಹ ಬಿಟ್ಟರೆ ಅರ್ಧ ಜ್ಞಾನ ಹೋದ ಹಾಗೆ, ದಯವಿಟ್ಟು ಹಾಗೆ ಮಾಡಬೇಡಿ. ಫೆಬ್ರವರಿ ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಹೂ ಬಿಡುತ್ತದೆ, ಆಮೇಲೆ ಕಾಯಿ ಕಟ್ಟಲು ಎರಡನೆಯ ಮಳೆ, ಅಂದರೆ ಬ್ಯಾಕಿಂಗ್ ಮಳೆ ಬೇಕು. ಪುಸ್ತಕದಲ್ಲಿ ಬರೀ "ಮಾರ್ಚ್ 9, 85 ಸೆಂಟ್" ಅಂತಿದ್ದರೆ ಏನು ತಿಳಿಯಿತು? ಪಕ್ಕದಲ್ಲಿ "ಮೇಲಿನ ಬ್ಲಾಕ್ ಮಾತ್ರ ಹೂ, ಕೆಳಗೆ ಸ್ಪ್ರಿಂಕ್ಲರ್ ಹಾಕಿದೆವು" ಅಂತಿದ್ದರೆ ಆ ವರ್ಷದ ಫಸಲಿನ ಕಥೆ ಅರ್ಥವಾಗುತ್ತದೆ.

ಇನ್ನೊಂದು ತೊಡಕು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ತೋಟಗಳಲ್ಲಿ ಕೆಲವರು ಬೆಳಿಗ್ಗೆ ಅಳೆದದ್ದನ್ನು ಹಿಂದಿನ ದಿನದ ತಾರೀಖಿಗೆ ಬರೆಯುತ್ತಾರೆ, ಕೆಲವರು ಅದೇ ದಿನಕ್ಕೆ. ಎರಡು ತೋಟದ ಪುಸ್ತಕ ಒಂದು ದಿನ ಆಚೀಚೆ ಕಾಣುವುದು ಇದರಿಂದಲೇ. ಅದನ್ನು ಹೇಳಬಲ್ಲವರು ಆ ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರ್ ಮಾತ್ರ. ಅವರಿಗೆ ಟಿಪ್ಪಣಿ ಬರೆಯಲು ಆಗದಿದ್ದರೆ ಎಷ್ಟು ಚಂದದ ವೆಬ್ ಪುಟ ಮಾಡಿದರೂ ಲೆಕ್ಕ ತಪ್ಪು.

2018ರ ಆಗಸ್ಟ್ ಪುಟಗಳನ್ನು ಮೊದಲು ಮಾಡಿ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರುವ ಮುಂಚೆ ತೋಡಿನ ನೀರು ಯಾವಾಗ ಕೆಂಪಾಯಿತು, ನೆಲ ಎಲ್ಲಿ ಬಿರಿಯಿತು ಅಂತ ಕಂಡವರು ಇನ್ನೂ ಇದ್ದಾರೆ. ಆ ತಾರೀಖಿನ ಮಳೆಯ ಪಕ್ಕದಲ್ಲಿ ಅವರ ಮಾತು ನಿಲ್ಲಬೇಕು.

ಕುಶಾಲನಗರ ಡಿಟಿಪಿ

ನಾನು ಡಿಟಿಪಿ ಕೆಲಸ ಮಾಡುವವನು. ಇಲ್ಲಿ ಯಾರೂ ಮುಟ್ಟದ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನೆಲಕಚ್ಚುತ್ತದೆ.

ಜಿಲ್ಲೆಯಲ್ಲಿ ಸ್ಮರಣಸಂಚಿಕೆ, ಸಹಕಾರ ಸಂಘದ ವರದಿ, ದೇವಸ್ಥಾನದ ಪುಸ್ತಿಕೆ ಇವುಗಳಲ್ಲಿ ಬಹುಪಾಲು "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಫಾಂಟಿನಲ್ಲಿ ತಯಾರಾದವು. ಆ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು, ಮೇಲೆ ಕನ್ನಡದ ರೂಪ ತೊಡಿಸಿದೆ ಅಷ್ಟೇ. ಕಾಗದಕ್ಕೆ ಪ್ರಿಂಟ್ ತೆಗೆದರೆ ಏನೂ ತೊಂದರೆ ಇಲ್ಲ. ವೆಬ್ಬಿಗೆ ಕಾಪಿ ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹುಡುಕಿದರೆ ಸಿಗುವುದಿಲ್ಲ, ಕುರುಡರಿಗೆ ಓದಿ ಹೇಳುವ ತಂತ್ರಾಂಶ ಓದುವುದಿಲ್ಲ, ಟಿಪ್ಪಣಿ ಅಂಟಿಸಲು ಸಾಲು ಆಯ್ದರೆ ಆಯ್ಕೆಯಾಗುವುದೂ ಆ ಚಿಹ್ನೆಗಳೇ.

ಪಿಡಿಎಫ್ ಮಾಡಿದರೆ ಸರಿಹೋಗುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಹೋಗುವುದಿಲ್ಲ. ಯೂನಿಕೋಡಿನಲ್ಲಿ, ಅಂದರೆ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ತನ್ನದೇ ಸಂಕೇತ ಇರುವ ವ್ಯವಸ್ಥೆಯಲ್ಲಿ, ಟೈಪ್ ಮಾಡಿದ ಕನ್ನಡವನ್ನೇ ಪಿಡಿಎಫ್ ಮಾಡಿ, ಅದರಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಡಿ. ಎಷ್ಟೋ ಸಲ ಒತ್ತಕ್ಷರ ಕಳಚಿರುತ್ತದೆ, ಕೊಂಬು, ಏತ್ವ ಅದಲುಬದಲಾಗಿರುತ್ತವೆ. ಪಿಡಿಎಫ್ ಕಾಪಾಡುವುದು ಅಕ್ಷರದ ಆಕಾರವನ್ನು, ಬರಹವನ್ನು ಕಾಪಾಡುವ ಭರವಸೆ ಇಲ್ಲ. ಹಾಗಾಗಿ ಕನ್ನಡದ ಪಿಡಿಎಫ್ ಮೇಲೆ ಟಿಪ್ಪಣಿ ವ್ಯವಸ್ಥೆ ಕಟ್ಟಲು ಹೋಗಬೇಡಿ. ಮೊದಲು ಯೂನಿಕೋಡ್ ಪಠ್ಯ, ಅದು ನೇರ ವೆಬ್ ಪುಟವಾಗಿ, ಬೇಕಾದವರಿಗೆ ಮುದ್ರಿಸಲು ಪಿಡಿಎಫ್ ಬೇರೆ.

ಹಳೆಯ ನುಡಿ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಉಚಿತವಾಗಿಯೇ ಸಿಗುತ್ತವೆ. ಆದರೆ ಪರಿವರ್ತನೆಯ ನಂತರ ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು, ಮಧ್ಯೆ ಬಂದ ಇಂಗ್ಲಿಷ್ ಪದ, ಅಂಕಿಗಳು, ಈ ಮೂರು ಕಡೆ ಕಣ್ಣಿಡಿ. ಕಡತವೇ ಕಳೆದುಹೋಗಿ ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ, ಕನ್ನಡ ಅಕ್ಷರ ಗುರುತಿಸಿ ಪಠ್ಯ ಕೊಡುತ್ತದೆ. ಅಚ್ಚು ಚೆನ್ನಾಗಿದ್ದರೆ ತಪ್ಪು ಕಡಿಮೆ. ಕೈಬರಹಕ್ಕೆ ನೆಚ್ಚಿಕೊಳ್ಳಬೇಡಿ, ಮಳೆ ಪುಸ್ತಕವನ್ನು ಕೈಯಲ್ಲೇ ಟೈಪ್ ಮಾಡಬೇಕು.

ಸೋಮವಾರಪೇಟೆಯವ, ಈಗ ಬೆಂಗಳೂರು

ಡಿಟಿಪಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ಒಂದು ಸೇರಿಸುತ್ತೇನೆ.

ವೆಬ್ ಟಿಪ್ಪಣಿಗೆ, ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2017ರ ಫೆಬ್ರವರಿ 23ರಂದು ಒಂದು ಮಾನಕ ಪ್ರಕಟಿಸಿತು. ಅದರ ಪ್ರಕಾರ ಟಿಪ್ಪಣಿ ಮೂಲ ಪುಟದ ಒಳಗೆ ಇರಬೇಕಿಲ್ಲ, ಬೇರೆ ಕಡೆ ಇದ್ದು ಯಾವ ಪುಟದ ಯಾವ ಸಾಲಿಗೆ ಸೇರಿದ್ದು ಅಂತ ನೆನಪಿಟ್ಟುಕೊಳ್ಳುತ್ತದೆ. ಸಾಲನ್ನು ಗುರುತಿಸುವ ಒಂದು ಬಗೆ ಹೀಗೆ: ಆಯ್ದ ಪದಗಳು, ಅವುಗಳ ಹಿಂದಿನ ಕೆಲವು ಅಕ್ಷರ, ಮುಂದಿನ ಕೆಲವು ಅಕ್ಷರ. ಪುಟದಲ್ಲಿ ಬೇರೆ ಕಡೆ ತಿದ್ದುಪಡಿಯಾದರೂ ಆ ಪದಗಳನ್ನು ಹುಡುಕಿ ಟಿಪ್ಪಣಿ ಮತ್ತೆ ಅಲ್ಲಿಗೇ ಹೋಗಿ ಕೂರುತ್ತದೆ. ಸಾಲೇ ಅಳಿಸಿಹೋದರೆ ಹೈಪೋಥಿಸಿಸ್ ಆ ಟಿಪ್ಪಣಿಯನ್ನು ಅನಾಥ ಎಂದು ಬೇರೆ ಪಟ್ಟಿಯಲ್ಲಿ ಇಡುತ್ತದೆ, ಎಸೆಯುವುದಿಲ್ಲ.

ಕನ್ನಡಕ್ಕೆ ಇಲ್ಲೊಂದು ಅಪಾಯ ಇದೆ. ಯೂನಿಕೋಡಿನಲ್ಲಿ "ಕೊ", "ಕೋ", "ಕೀ", "ಕೇ", "ಕೈ" ಇವುಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತದಲ್ಲೂ ಬರೆಯಬಹುದು, ಎರಡು ಮೂರು ಚೂರಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. "ರ‍್ಯಾಲಿ" ಬರೆಯುವಾಗ ನಡುವೆ ಕಾಣದ ಜೋಡಕ ಅಕ್ಷರವೊಂದು ಬರುತ್ತದೆ, ಅದನ್ನೂ ಕೆಲವು ತಂತ್ರಾಂಶ ಉದುರಿಸುತ್ತವೆ. ಪರಿವರ್ತನೆ ಮಾಡಿದ ಪಠ್ಯವನ್ನು ಪ್ರಕಟಿಸುವ ಮುಂಚೆಯೇ ಒಂದೇ ರೂಪಕ್ಕೆ ತಂದರೆ ಹುಡುಕಾಟವೂ ಟಿಪ್ಪಣಿಯೂ ಸರಿಯಾಗಿ ನಿಲ್ಲುತ್ತವೆ. ಅದು ಯಂತ್ರ ಮಾಡುವ ಕೆಲಸ, ನಾನು ಮಾಡಿಕೊಡುತ್ತೇನೆ. ಟೈಪ್ ಮಾಡುವವರು ತಲೆಕೆಡಿಸಿಕೊಳ್ಳಬೇಕಿಲ್ಲ.

ನಾಪೋಕ್ಲು ಕಡೆಯ ಗ್ರಂಥಪಾಲಕಿ

ನಾನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಕೆಲಸ ಮಾಡುತ್ತೇನೆ. ನಿಮ್ಮೆಲ್ಲರ ಮಾತು ಓದಿ ಖುಷಿಯಾಯಿತು. ಆದರೆ ನಮ್ಮಲ್ಲಿಗೆ ಬರುವ ಹೆಂಗಸರನ್ನು ಮನಸ್ಸಿನಲ್ಲಿಟ್ಟು ಕೆಲವು ಮಾತು ಹೇಳುತ್ತೇನೆ.

ಎಲ್ಲರೂ ನಿಲ್ಲುವುದು ಮೊದಲ ಬಾಗಿಲಲ್ಲೇ. ಖಾತೆ ತೆರೆಯಿರಿ, ಇಮೇಲ್ ಕೊಡಿ, ಪಾಸ್‌ವರ್ಡ್ ಇಡಿ, ಇಮೇಲಿಗೆ ಬಂದ ಕೊಂಡಿ ಒತ್ತಿ. ಸ್ವಸಹಾಯ ಸಂಘದ ಪುಸ್ತಕ ಅಚ್ಚುಕಟ್ಟಾಗಿ ಬರೆಯುವವರು, ಬ್ಯಾಂಕಿನಲ್ಲಿ ಸಾಲದ ಲೆಕ್ಕ ಮಾತಾಡುವವರು ಕೂಡ ಇಲ್ಲಿ ಹಿಂದೆ ಸರಿಯುತ್ತಾರೆ. ಅವರ ಇಮೇಲನ್ನು ಮೊಬೈಲ್ ಅಂಗಡಿಯವರೋ ಮಗನೋ ಮಾಡಿಕೊಟ್ಟಿರುತ್ತಾರೆ, ಪಾಸ್‌ವರ್ಡ್ ಅವರಿಗೆ ಗೊತ್ತಿರುವುದಿಲ್ಲ. ಗುಂಡಿಗಳ ಮೇಲಿನ ಮಾತೆಲ್ಲ ಇಂಗ್ಲಿಷ್. ಇದು ಅವರ ಕೊರತೆ ಅಂತ ಯಾರೂ ಅನ್ನಬಾರದು, ಮಾಡಿದವರು ಇವರನ್ನು ನೆನೆಯಲಿಲ್ಲ.

ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯ ಫೋನಿನ ಕೀಬೋರ್ಡಿನಲ್ಲಿ ಕನ್ನಡಕ್ಕೆ ಇದೆ. ಅದನ್ನು ತೋರಿಸಿಕೊಟ್ಟ ಮೇಲೆ ಎಂದೂ ಟೈಪ್ ಮಾಡದವರು ಅರ್ಧ ಪುಟ ಹೇಳಿ ಬರೆಸಿದ್ದಾರೆ. ತಪ್ಪು ಬರುತ್ತದೆ, ನಾವು ತಿದ್ದುತ್ತೇವೆ. ಆದರೆ ಜೂನಿನಿಂದ ಆಗಸ್ಟ್‌ವರೆಗೆ ಕರೆಂಟು ಹೋದರೆ ದಿನಗಟ್ಟಲೆ ಇಲ್ಲ, ಟವರೂ ಮಲಗುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ಬರೆದಿಟ್ಟು, ಬಂದಾಗ ತಾನಾಗಿ ಹೋಗುವಂತಿರಬೇಕು. ಬರೆದದ್ದು ಒಂದು ಸಲ ಮಾಯವಾದರೆ ಅವರು ಮತ್ತೆ ಬರೆಯಲು ಕೂರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ, ಪ್ರತಿಯೊಬ್ಬರೂ ಖಾತೆ ತೆರೆಯಲಿ ಅಂತ ಕಾಯಬೇಡಿ. ಅವರು ಹೇಳಲಿ, ನಮ್ಮಂಥ ಕೇಂದ್ರದವರು ಅವರ ಹೆಸರಿನಲ್ಲಿ ಅಂಟಿಸುತ್ತೇವೆ. ಹೆಸರು ಹಾಕಬೇಕೋ ಬೇಡವೋ ಅಂತ ಮಾತ್ರ ಅವರನ್ನು ಕೇಳಿಯೇ ಮಾಡಬೇಕು.

ವಿರಾಜಪೇಟೆ ಯುವಕ

ಇಷ್ಟೆಲ್ಲ ಯಾಕೆ? ಒಂದು ಫೇಸ್‌ಬುಕ್ ಪುಟ ತೆರೆದು ಫೋಟೊ ಹಾಕಿ, ಕೆಳಗೆ ಕಾಮೆಂಟ್ ಬರಲಿ. ಎಲ್ಲರಿಗೂ ಗೊತ್ತಿರುವ ಜಾಗ, ಕಲಿಯಬೇಕಾದ್ದು ಏನೂ ಇಲ್ಲ.

ಪೊನ್ನಂಪೇಟೆ ವಾಚನಾಲಯ

ತಮ್ಮ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಜನ ಇರುವ ಕಡೆ ನಾವು ಹೋಗಲೇಬೇಕು, ಕೊಂಡಿಯನ್ನು ಅಲ್ಲೂ ಹಾಕೋಣ. ಮೂಲ ಪ್ರತಿಯನ್ನು ಮಾತ್ರ ಅಲ್ಲಿಡಲು ನನಗೆ ಮನಸ್ಸಿಲ್ಲ. ಜಿಯೊಸಿಟೀಸ್ ಅಂತ ಒಂದು ಕಾಲದಲ್ಲಿ ಲಕ್ಷಾಂತರ ಜನ ಪುಟ ಮಾಡಿಕೊಂಡಿದ್ದ ಜಾಗ 2009ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಮುಚ್ಚದಿದ್ದರೂ, ಇಪ್ಪತ್ತು ಪುಟದ ಕರಡಿಗೆ ಬಂದ ಮುನ್ನೂರು ಕಾಮೆಂಟಿನಲ್ಲಿ ಯಾವುದು ಯಾವ ಷರತ್ತಿಗೆ ಅಂತ ಹೇಳುವವರು ಯಾರು? ಫೋಟೊದೊಳಗಿನ ಅಕ್ಷರವನ್ನು ಮುಂದೆ ಹುಡುಕುವುದು ಹೇಗೆ?

ಮಡಿಕೇರಿ ವಕೀಲ

ಕಾನೂನಿನ ಕಡೆಯಿಂದ ಚಿಕ್ಕದಾಗಿ. ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯನ್ನು ನೀವು ಪೂರ್ತಿಯಾಗಿ ಮರುಪ್ರಕಟಿಸಬಹುದು, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ. ಪುಸ್ತಕವಾದರೆ ಲೇಖಕರು ತೀರಿಕೊಂಡ ನಂತರ 60 ವರ್ಷದವರೆಗೆ ಹಕ್ಕು ಇರುತ್ತದೆ, ವಾರಸುದಾರರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಮಳೆ ಪುಸ್ತಕಕ್ಕೂ ಮನೆಯವರಿಂದ ಒಂದು ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಅದರಲ್ಲಿ ಕೂಲಿ ಬಾಕಿ, ಸಾಲ, ಕಾಯಿಲೆ ಇಂಥ ಮಾತು ಇದ್ದರೆ ಆ ಭಾಗ ಮುಚ್ಚಿ ಸ್ಕ್ಯಾನ್ ಮಾಡಿ. ಆರ್‌ಟಿಸಿ, ಆಧಾರ್, ಫೋನ್ ನಂಬರು ಯಾವ ಟಿಪ್ಪಣಿಯಲ್ಲೂ ಬರಬಾರದು. ಜಮ್ಮಾ ಜಾಗದ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ವ್ಯಾಜ್ಯ ನಡೆಯುತ್ತಿರುವ ಕುಟುಂಬಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ.

ಬಹಳ ಮುಖ್ಯವಾದ ಮಾತೊಂದಿದೆ. ಕರಡಿನ ಪಕ್ಕದಲ್ಲಿ ಟಿಪ್ಪಣಿ ಬರೆದರೆ ಆಕ್ಷೇಪಣೆ ಸಲ್ಲಿಸಿದಂತೆ ಆಗುವುದಿಲ್ಲ. ಅಧಿಸೂಚನೆಯಲ್ಲೇ ಕೊಟ್ಟಿರುವ ವಿಳಾಸಕ್ಕೆ ಅವಧಿಯೊಳಗೆ ಕಳಿಸಿದರೆ ಮಾತ್ರ ಲೆಕ್ಕ. ಪುಟದ ಮೇಲ್ಭಾಗದಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ, ಕೊನೆಯ ತಾರೀಖು ಸಮೇತ. ಟಿಪ್ಪಣಿಗಳಿಂದ ಲಾಭ ಏನೆಂದರೆ ಆಕ್ಷೇಪಣೆ ಬರೆಯುವವರಿಗೆ ಷರತ್ತುವಾರು ವಿಷಯ ಸಿದ್ಧವಾಗಿ ಸಿಗುತ್ತದೆ. "ನಮಗೆ ಬೇಡ" ಅನ್ನುವ ಸಾವಿರ ಪತ್ರಕ್ಕಿಂತ ಇಂಥ ಷರತ್ತು ಇಂಥ ಸರ್ವೆ ನಂಬರಿಗೆ ಯಾಕೆ ಹೊಂದುವುದಿಲ್ಲ ಎಂಬ ಹತ್ತು ಪತ್ರಕ್ಕೆ ತೂಕ ಹೆಚ್ಚು. ಪರಿಸರ ಪರಿಣಾಮ ಅಂದಾಜಿನ ಕರಡನ್ನು 22 ಭಾಷೆಗಳಿಗೂ ಅನುವಾದಿಸಬೇಕು ಅಂತ ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಹೇಳಿತ್ತು. ಜನರ ಭಾಷೆಯಲ್ಲಿ ಕರಡು ಕೇಳುವುದು ಅತಿಯಾಸೆ ಏನಲ್ಲ.

ಭಾಗಮಂಡಲ ಕಡೆಯ ಓದುಗ

ಒಂದು ಕೋರಿಕೆ. ಟಿಪ್ಪಣಿ ಕನ್ನಡದಲ್ಲೇ ಇರಬೇಕು ಅಂತ ನಿಯಮ ಮಾಡಬೇಡಿ. ನಮ್ಮ ಅಜ್ಜಿ ಅರೆಭಾಷೆಯಲ್ಲಿ ಹೇಳಿದರೆ ಮಳೆಯ ಬಗೆಬಗೆ ಹೆಸರು ಬರುತ್ತದೆ, ಕನ್ನಡಕ್ಕೆ ತಿರುಗಿಸಿದರೆ ಎಲ್ಲವೂ "ಜೋರು ಮಳೆ". ಕೊಡವ ತಕ್ಕಿನಲ್ಲಿ ಬರೆಯುವವರೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಎರವರ, ಕುರುಬರ ಮಾತಿನಲ್ಲಿ ತೋಟದ ಕೆಲಸಗಾರರು ಹೇಳುವುದನ್ನು ಕೇಳಿ ಬರೆದುಕೊಳ್ಳುವವರೂ ಬೇಕು. ಮಳೆಮಾಪಕದ ನೀರು ಅಳೆದು ಬಂದು ಹೇಳಿದವರು ಎಷ್ಟೋ ತೋಟಗಳಲ್ಲಿ ಅವರೇ, ಪುಸ್ತಕದಲ್ಲಿ ಅವರ ಹೆಸರಿಲ್ಲ.

ಸುಂಟಿಕೊಪ್ಪ ತೋಟ

ಈ ಕೊನೆಯ ಮಾತು ಸತ್ಯ. ನಮ್ಮ ಪುಸ್ತಕಕ್ಕೆ ಒಪ್ಪಿಗೆ ಪತ್ರ ಕೊಡುವಾಗ ಅಳೆಯುತ್ತಿದ್ದವರ ಹೆಸರನ್ನು ಅವರ ಮನೆಯವರನ್ನು ಕೇಳಿ ಸೇರಿಸುತ್ತೇನೆ.

ಸೋಮವಾರಪೇಟೆಯವ, ಈಗ ಬೆಂಗಳೂರು

ಗ್ರಂಥಪಾಲಕಿ ಅಕ್ಕ ಹೇಳಿದ್ದನ್ನು ಯೋಚಿಸಿದೆ. ಖಾತೆಯೇ ಬೇಡದ ಒಂದು ದಾರಿ ಇದೆ. ಫೋನಿನ ಕ್ರೋಮ್‌ನಲ್ಲಿ ಯಾವುದೇ ಪುಟದ ಸಾಲು ಆಯ್ದು ಶೇರ್ ಒತ್ತಿದರೆ, ಆ ಸಾಲಿಗೇ ನೇರ ಹೋಗಿ ಬಣ್ಣ ಹಚ್ಚಿ ತೋರಿಸುವ ಕೊಂಡಿ ಸಿಗುತ್ತದೆ. ಇದಕ್ಕೆ ಬೇಕಾದ ತಂತ್ರ 2020ರಿಂದ ಕ್ರೋಮ್‌ನಲ್ಲಿ ಇದೆ. ಅದನ್ನು ವಾಟ್ಸಾಪಿನಲ್ಲಿ ಹಾಕಿ ಕೆಳಗೆ ಮಾತು ಬರೆದರೆ ಆಯಿತು, ಕೇಂದ್ರದವರು ಆ ಮಾತನ್ನು ಪುಟದ ಟಿಪ್ಪಣಿಗೆ ಸೇರಿಸುತ್ತಾರೆ. ತೊಂದರೆ ಒಂದೇ, ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಕೊಂಡಿಯಲ್ಲಿ ಒಂಬತ್ತು ಇಂಗ್ಲಿಷ್ ಚಿಹ್ನೆಯಾಗುತ್ತದೆ. ಎರಡು ಪದಕ್ಕೇ ಕೊಂಡಿ ಮಾರುದ್ದ, ನೋಡಿದವರು ಯಾವುದೋ ಮೋಸದ ಕೊಂಡಿ ಅಂತ ಹೆದರುತ್ತಾರೆ.

ಅದಕ್ಕೆ ಪ್ರತಿ ಪ್ಯಾರಾಕ್ಕೂ ಪುಟದಲ್ಲೇ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆ ಒತ್ತಿದರೆ ಚಿಕ್ಕ ಕೊಂಡಿ ಕಾಪಿ ಆಗುವಂತೆ ಮಾಡುತ್ತೇನೆ. "12ನೇ ಪ್ಯಾರಾ ನೋಡಿ" ಅಂತ ಬಾಯಲ್ಲಿ ಹೇಳಿದರೂ ಸಾಕು. ಪುಟವನ್ನು ವರ್ಡ್‌ಪ್ರೆಸ್‌ನಲ್ಲಿ ಇಡೋಣ, ಫೋನಿನಿಂದಲೇ ಬರೆಯಬಹುದು, ನಾಳೆ ಬೇರೆ ಕಡೆ ಹೋಗಬೇಕಾದರೆ ಎಲ್ಲವನ್ನೂ ಒಂದು ಕಡತವಾಗಿ ಹೊರತೆಗೆಯಬಹುದು. ಸ್ಕ್ಯಾನ್ ಚಿತ್ರಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಹಾಕೋಣ. ಹಕ್ಕಿನ ಅವಧಿ ಮುಗಿದ ಮುದ್ರಿತ ಪುಸ್ತಕಗಳನ್ನು ಕನ್ನಡ ವಿಕಿಸೋರ್ಸ್‌ಗೆ ಕೊಡೋಣ. ಅಲ್ಲಿ ಒಂದು ಬದಿ ಪುಟದ ಚಿತ್ರ, ಇನ್ನೊಂದು ಬದಿ ಪಠ್ಯ ಇರುತ್ತದೆ, ಒಬ್ಬರು ಓದಿ ತಿದ್ದಿದರೆ ಹಳದಿ, ಇನ್ನೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ಶಾಲೆ ಮಕ್ಕಳೂ ಖುಷಿಯಿಂದ ಮಾಡುವ ಕೆಲಸ.

ಪೊನ್ನಂಪೇಟೆ ವಾಚನಾಲಯ

ಹಾಗಾದರೆ ಶುರುಮಾಡುತ್ತೇನೆ. ಮೊದಲಿಗೆ 2018ರ ಆಗಸ್ಟ್ ತಿಂಗಳ ಮಳೆ ಪುಟಗಳು, ಯಾವ ತೋಟದವರು ಒಪ್ಪಿಗೆ ಕೊಡುತ್ತಾರೋ ಅವರದು. ಹಾಳೆಯಲ್ಲಿ ತಾರೀಖು, ಇಂಚು ಸೆಂಟಿನಲ್ಲಿ ಮೂಲ ಅಂಕಿ, ಪಕ್ಕದಲ್ಲಿ ಒಂದು ಇಂಚಿಗೆ 25.4ರಂತೆ ಮಿಲಿಮೀಟರ್, ಅಳೆದ ಹೊತ್ತು, ಅಂಚಿನ ಬರಹ ಇದ್ದದ್ದು ಇದ್ದ ಹಾಗೆ. ನಂತರ ಕರಡು ಅಧಿಸೂಚನೆಯ ಕನ್ನಡ ಪಠ್ಯ, ಪ್ಯಾರಾ ಸಂಖ್ಯೆಯೊಂದಿಗೆ. ಅನುವಾದಕ್ಕೆ ವಕೀಲರು ಕಣ್ಣಾಡಿಸಿದ ಮೇಲೆ ಮಾತ್ರ ಹಾಕುವುದು.

ಟಿಪ್ಪಣಿ ಯಾವ ಭಾಷೆಯಲ್ಲಾದರೂ ಸರಿ. ಬೈಗುಳ ಮತ್ತು ಖಾಸಗಿ ವಿವರ ಇದ್ದರೆ ತೆಗೆಯುತ್ತೇವೆ, ಭಿನ್ನಾಭಿಪ್ರಾಯ ಇದ್ದರೆ ತೆಗೆಯುವುದಿಲ್ಲ. ನಾಪೋಕ್ಲು ಅಕ್ಕ, ಮಳೆ ಹಿಡಿಯುವ ಮುಂಚೆ ನಿಮ್ಮ ಕೇಂದ್ರದಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಫೋನು ಹಿಡಿದು ಕೂರಲು ಸಾಧ್ಯವೇ?

ನಾಪೋಕ್ಲು ಕಡೆಯ ಗ್ರಂಥಪಾಲಕಿ

ಖಂಡಿತ ಸಾಧ್ಯ. ಸಂತೆ ದಿನ ಬೇಡ, ಭಾನುವಾರವೂ ಬೇಡ, ಮದುವೆ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಇಟ್ಟರೆ ತೋಟದ ಕೆಲಸ ಮುಗಿಸಿದವರೂ ಬರುತ್ತಾರೆ.

ಕುಶಾಲನಗರ ಡಿಟಿಪಿ

ಹಳೆಯ ಕಡತ ಇರುವವರು ಅಂದು ಪೆನ್‌ಡ್ರೈವಿನಲ್ಲಿ ತನ್ನಿ. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರಿನ ಕಡತವಾದರೂ ಪರವಾಗಿಲ್ಲ, ಪಠ್ಯ ತೆಗೆಯಬಹುದು. ಯಾವ ಫಾಂಟಿನಲ್ಲಿ ಮಾಡಿದ್ದು ಅಂತ ಗೊತ್ತಿದ್ದರೆ ಹೆಸರು ಬರೆದು ತನ್ನಿ, ಗೊತ್ತಿಲ್ಲದಿದ್ದರೆ ಅದರದೇ ಒಂದು ಮುದ್ರಿತ ಪುಟ ಜೊತೆಗಿರಲಿ, ಅಕ್ಷರ ಹೋಲಿಸಿ ನೋಡಿ ಕಂಡುಹಿಡಿಯುತ್ತೇನೆ.